ತೈಲ ಹಡಗು ನಿಯೋಶೋ: ತೆಪ್ಪಗಳ ಮೇಲೆ ತೇಲಿಹೋದ 68 ಜನರ ಕತೆಯನ್ನು ಎಲ್ಲಿಂದ ಆರಂಭಿಸಬೇಕು?

ಕಡಲ ಓದುಗ

ಎರಡನೆಯ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಈಶಾನ್ಯಕ್ಕೆ ನಡೆದ ಕೋರಲ್ ಸಮುದ್ರದ ಕದನದ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯಲು ಕುಳಿತಿದ್ದೇನೆ. ಮೂರು ವಾರಗಳಿಂದ ಮೊದಲ ಪುಟವೇ ಮುಂದೆ ಸಾಗುತ್ತಿಲ್ಲ. ಈ ಕದನದ ಬಗ್ಗೆ ಓದಿದವರಿಗೆಲ್ಲ ವಿಮಾನವಾಹಕ ಹಡಗುಗಳು ಗೊತ್ತು: ಅಮೆರಿಕದ ಕಡೆ ಲೆಕ್ಸಿಂಗ್ಟನ್ ಮತ್ತು ಯಾರ್ಕ್‌ಟೌನ್, ಜಪಾನಿನ ಕಡೆ ಶೋಕಾಕು ಮತ್ತು ಜುಯಿಕಾಕು. ನನ್ನನ್ನು ಹಿಡಿದು ನಿಲ್ಲಿಸಿರುವುದು ಇವುಗಳಲ್ಲಿ ಯಾವುದೂ ಅಲ್ಲ. ಅದು ನಿಯೋಶೋ ಎಂಬ ತೈಲ ಹಡಗು. ಯುದ್ಧನೌಕೆಗಳಿಗೆ ನಡುಗಡಲಿನಲ್ಲಿ ಇಂಧನ ತುಂಬಿಸುವುದಷ್ಟೇ ಅದರ ಕೆಲಸ. ಹೆಚ್ಚಿನ ಬರಹಗಳಲ್ಲಿ ಅದಕ್ಕೆ ಸಿಗುವುದು ಒಂದೇ ವಾಕ್ಯ: "ಜಪಾನಿನ ವಿಮಾನಗಳು ತೈಲ ಹಡಗೊಂದನ್ನು ವಿಮಾನವಾಹಕವೆಂದು ತಪ್ಪಾಗಿ ತಿಳಿದು ದಾಳಿ ಮಾಡಿದವು." ಆ ವಾಕ್ಯ ಮುಗಿದೊಡನೆ ಬರಹಗಾರರು ದೊಡ್ಡ ಹಡಗುಗಳ ಕಡೆಗೆ ಹೊರಳುತ್ತಾರೆ. ನಿಯೋಶೋದ ಮೇಲಿದ್ದವರ ಕಷ್ಟ ನಿಜವಾಗಿ ಆರಂಭವಾದದ್ದು ಆ ವಾಕ್ಯ ಮುಗಿದ ಮೇಲೆ.

ತಿಳಿದಷ್ಟನ್ನು ಇಲ್ಲಿ ಇಡುತ್ತೇನೆ. ನಿಯೋಶೋ 1939ರ ಆಗಸ್ಟ್‌ನಲ್ಲಿ ಅಮೆರಿಕದ ನೌಕಾಪಡೆಗೆ ಸೇರಿತು. ಉದ್ದ 553 ಅಡಿ, ವೇಗ 18 ನಾಟ್, ಎಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್. ಆ ಕಾಲದ ತೈಲ ಹಡಗುಗಳಲ್ಲಿ ಈ ವೇಗ ಅಪರೂಪ. ಯುದ್ಧನೌಕೆಗಳ ಜೊತೆಯಲ್ಲೇ ಸಾಗಲೆಂದು ಹಾಗೆ ಕಟ್ಟಲಾಗಿತ್ತು. 1941ರ ಡಿಸೆಂಬರ್ 7ರ ಬೆಳಗ್ಗೆ ಅದು ಹವಾಯಿಯಲ್ಲಿರುವ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್‌ನಲ್ಲಿ, ಫೋರ್ಡ್ ದ್ವೀಪದ ಇಂಧನ ಕಟ್ಟೆಯಲ್ಲಿ ನಿಂತಿತ್ತು. ಅಕ್ಕಪಕ್ಕದಲ್ಲಿ ಯುದ್ಧನೌಕೆಗಳ ಸಾಲು, ದಡದಲ್ಲಿ ವಿಮಾನದ ಪೆಟ್ರೋಲ್ ತುಂಬಿದ ಟ್ಯಾಂಕುಗಳು. ಜಪಾನಿನ ಬಾಂಬುಗಳು ಬೀಳುತ್ತಿರುವಾಗಲೇ ಕ್ಯಾಪ್ಟನ್ ಜಾನ್ ಫಿಲಿಪ್ಸ್ ಹಡಗನ್ನು ಕಟ್ಟೆಯಿಂದ ಬಿಡಿಸಿ, ಹಿಮ್ಮುಖವಾಗಿ ಹೊರಗೆ ತಂದರು. ಅಲ್ಲಿಯೇ ಬೆಂಕಿ ಹತ್ತಿದ್ದರೆ ಆ ಸಾಲಿನ ಗತಿ ಏನಾಗುತ್ತಿತ್ತೆಂದು ಊಹಿಸಲೂ ಭಯವಾಗುತ್ತದೆ.

ಅದೇ ಹಡಗು, ಅದೇ ಕ್ಯಾಪ್ಟನ್, ಐದು ತಿಂಗಳ ಬಳಿಕ ಕೋರಲ್ ಸಮುದ್ರದಲ್ಲಿದ್ದರು. 1942ರ ಮೇ 6ರಂದು ಯಾರ್ಕ್‌ಟೌನ್‌ಗೂ ಅಸ್ಟೋರಿಯಾ ಎಂಬ ಕ್ರೂಸರ್‌ಗೂ ಇಂಧನ ತುಂಬಿಸಿ, ಸಿಮ್ಸ್ ಎಂಬ ಒಂದೇ ಒಂದು ಡಿಸ್ಟ್ರಾಯರ್‌ನ (ಕ್ರೂಸರ್‌ಗಿಂತ ಸಣ್ಣದಾದ, ವೇಗದ ಯುದ್ಧನೌಕೆ) ಕಾವಲಿನಲ್ಲಿ ನಿಯೋಶೋ ದಕ್ಷಿಣಕ್ಕೆ ಸರಿಯಿತು. ಕದನದಿಂದ ದೂರ, ಸುರಕ್ಷಿತವಾಗಿರಲಿ ಎಂಬುದೇ ಉದ್ದೇಶ. ಮರುದಿನ ಬೆಳಗ್ಗೆ ಶೋಕಾಕುವಿನ ಶೋಧ ವಿಮಾನಗಳು ಈ ಜೋಡಿಯನ್ನು ಕಂಡು, ಒಂದು ವಿಮಾನವಾಹಕ ಮತ್ತು ಒಂದು ಕ್ರೂಸರ್ ಎಂದು ಸುದ್ದಿ ಕಳುಹಿಸಿದವು. 78 ವಿಮಾನಗಳು ಹಾರಿಬಂದವು.

ನನ್ನ ಪ್ರಶ್ನೆ ಇಷ್ಟೇ. ಈ ಕತೆಯನ್ನು ಎಲ್ಲಿಂದ ಆರಂಭಿಸಬೇಕು? ಪರ್ಲ್ ಹಾರ್ಬರ್‌ನಿಂದಲೇ, ಬಾಂಬಿನಿಂದಲೇ, ಅಥವಾ ತೆಪ್ಪಗಳಿಂದಲೇ? ತೆಪ್ಪಗಳ ವಿಷಯಕ್ಕೆ ಮುಂದೆ ಬರುತ್ತೇನೆ. ಅದನ್ನು ಬರೆಯುವ ಮೊದಲು ನನಗೆ ಸ್ವಲ್ಪ ಧೈರ್ಯ ಬೇಕು.

ಹೊಸ ಸದಸ್ಯ

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ಒಂದು ಸಂದೇಹ. ತೈಲ ಹಡಗಿಗೂ ವಿಮಾನವಾಹಕಕ್ಕೂ ಅಜಗಜಾಂತರವಿದೆಯಲ್ಲವೇ? ತರಬೇತಿ ಪಡೆದ ನೌಕಾ ವೈಮಾನಿಕರು ಅಷ್ಟು ದೊಡ್ಡ ತಪ್ಪು ಮಾಡುವುದು ಹೇಗೆ ಸಾಧ್ಯ?

ಕಡಲ ಓದುಗ

ಎತ್ತರದಿಂದ, ಮೋಡಗಳ ಸಂದಿಯಿಂದ ನೋಡುವ ಕಣ್ಣಿಗೆ ಉದ್ದನೆಯ, ಚಪ್ಪಟೆಯಾದ ಒಂದು ಆಕಾರ ಕಾಣುತ್ತದೆ. ಮಗ್ಗುಲಲ್ಲಿ ಕಾವಲಿನ ಹಡಗೂ ಇದೆ. ಆ ದಿನ ಎರಡೂ ಪಕ್ಷದವರ ಮನಸ್ಸಿನ ತುಂಬ ವಿಮಾನವಾಹಕಗಳೇ ಇದ್ದವು. ಹುಡುಕುತ್ತಿದ್ದುದೇ ಕಣ್ಣಿಗೆ ಕಂಡಿತು. ಬಳಿಕ ಅದೇ ಶೋಧ ವಿಮಾನಗಳು ತಮ್ಮ ತಪ್ಪನ್ನು ಅರಿತು ತಿಳಿಸಿದವು. ಅಷ್ಟರಲ್ಲಿ ದಾಳಿಯ ಪಡೆ ಅಲ್ಲಿಗೆ ಬಂದು ಸುತ್ತಮುತ್ತ ಇಲ್ಲದ ವಿಮಾನವಾಹಕವನ್ನು ಹುಡುಕುತ್ತಿತ್ತು. ಟಾರ್ಪಿಡೊ ವಿಮಾನಗಳನ್ನು ಹಿಂದಕ್ಕೆ ಕಳುಹಿಸಿ, 36 ಧುಮುಕು ಬಾಂಬರ್‌ಗಳು ಮಾತ್ರ ದಾಳಿಗೆ ಇಳಿದವು. ನಾಲ್ಕು ವಿಮಾನಗಳು ಸಿಮ್ಸ್‌ನ ಮೇಲೆ, ಉಳಿದವೆಲ್ಲ ನಿಯೋಶೋದ ಮೇಲೆ.

ಸಿಮ್ಸ್‌ಗೆ ಮೂರು ಬಾಂಬುಗಳು ತಗುಲಿದವು. ಹಡಗು ಮುರಿದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಅದರಲ್ಲಿದ್ದ 192 ಜನರಲ್ಲಿ ಬದುಕಿ ಬಂದವರು 14. ಈ ಲೇಖನ ನಿಯೋಶೋದ ಹೆಸರಿನಲ್ಲಿದ್ದರೂ ಸಿಮ್ಸ್‌ನವರನ್ನು ಒಂದು ಸಾಲಿನಲ್ಲಿ ದಾಟಿ ಹೋಗಬಾರದು ಎಂದುಕೊಂಡಿದ್ದೇನೆ. ಅವರು ಕಾವಲಿಗೆಂದು ಬಂದವರು, ಕೊನೆಯವರೆಗೂ ತೈಲ ಹಡಗನ್ನು ಬಿಟ್ಟು ಹೋಗಲಿಲ್ಲ.

ನಿಯೋಶೋಗೆ ನೇರವಾಗಿ ತಗುಲಿದ ಬಾಂಬುಗಳು ಏಳು. ಗುಂಡೇಟಿಗೆ ಸಿಕ್ಕ ಒಂದು ಜಪಾನೀ ವಿಮಾನವೂ ಬಂದು ಹಡಗಿನ ಮೇಲೆಯೇ ಅಪ್ಪಳಿಸಿತು. ಹಿಂಭಾಗಕ್ಕೆ ಬೆಂಕಿ ಹತ್ತಿತು, ಯಂತ್ರಗಳು ನಿಂತವು, ಹಡಗು ಒಂದು ಮಗ್ಗುಲಿಗೆ ವಾಲಿತು. ಆದರೂ ಮುಳುಗಲಿಲ್ಲ.

ಉಗಿಯಂತ್ರದವನು

ಮೂವತ್ತು ವರ್ಷ ವಾಣಿಜ್ಯ ಹಡಗುಗಳ ಇಂಜಿನ್ ಕೋಣೆಯಲ್ಲಿ ದುಡಿದವನು ನಾನು. ಆರಂಭದ ವರ್ಷಗಳು ಉಗಿಯಿಂದ ಓಡುವ ತೈಲ ಹಡಗುಗಳಲ್ಲೇ ಕಳೆದವು. ಅಷ್ಟು ಪೆಟ್ಟು ತಿಂದ ಹಡಗು ಏಕೆ ಮುಳುಗಲಿಲ್ಲ ಎಂಬುದಕ್ಕೆ ನನ್ನ ತಿಳಿವಳಿಕೆಯ ಉತ್ತರವಿದು. ತೈಲ ಹಡಗೆಂದರೆ ಹತ್ತಾರು ಟ್ಯಾಂಕುಗಳನ್ನು ಒತ್ತೊತ್ತಾಗಿ ಜೋಡಿಸಿದ ಗೂಡು. ಹಿಂದಿನ ದಿನಗಳಲ್ಲಿ ಪಡೆಗೆ ಇಂಧನ ಹಂಚಿದ್ದರಿಂದ ಕೆಲವು ಟ್ಯಾಂಕುಗಳು ಬರಿದಾಗಿದ್ದಿರಬೇಕು. ಬಿಗಿಯಾಗಿ ಮುಚ್ಚಿದ ಖಾಲಿ ಟ್ಯಾಂಕು ಗಾಳಿ ತುಂಬಿದ ಬುರುಡೆಯಂತೆ ಹಡಗನ್ನು ಎತ್ತಿ ಹಿಡಿಯುತ್ತದೆ. ಊರ ಕೆರೆಯಲ್ಲಿ ಮಕ್ಕಳು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರಲ್ಲ, ಅದೇ ಲೆಕ್ಕ.

ಕಡಲ ಓದುಗರೇ, ನೀವು ಇನ್ನೂ ಪೀಟರ್ಸನ್ ಅವರ ಹೆಸರು ಎತ್ತಿಲ್ಲ. ನನಗೆ ಈ ಹಡಗಿನ ಪರಿಚಯವಾದದ್ದೇ ಅವರಿಂದ. ಆಸ್ಕರ್ ಪೀಟರ್ಸನ್ ಅದರಲ್ಲಿ ಚೀಫ್ ವಾಟರ್‌ಟೆಂಡರ್. ಬಾಯ್ಲರುಗಳ ಬೆಂಕಿ, ನೀರು, ಉಗಿಯ ಒತ್ತಡ ಇವುಗಳ ಮೇಲೆ ಕಣ್ಣಿಟ್ಟಿರುವ ಹಿರಿಯ ನಾವಿಕ. 1899ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದವರು. ಆಗ ಅವರಿಗೆ 42 ವರ್ಷ. ಯುವಕರೇ ತುಂಬಿರುವ ಹಡಗಿನಲ್ಲಿ ಆ ವಯಸ್ಸಿನವರನ್ನು ಎಲ್ಲರೂ ಹಿರಿಯಣ್ಣನಂತೆ ಕಾಣುತ್ತಾರೆ. ಆ ದಿನ ದುರಸ್ತಿ ತಂಡವೊಂದರ ಹೊಣೆ ಅವರದಾಗಿತ್ತು. ಬಾಂಬು ಬಿದ್ದಾಗ ತಂಡದವರೆಲ್ಲ ಗಾಯಗೊಂಡರು, ಅವರಿಗೂ ತೀವ್ರವಾದ ಗಾಯಗಳಾದವು. ಉಗಿಯ ಕೊಳವೆಗಳನ್ನು ಗೋಡೆಯ ಬಳಿಯೇ ಮುಚ್ಚುವ ವಾಲ್ವುಗಳನ್ನು ತಿರುಗಿಸಲು ಬೇರೆ ಯಾರೂ ಉಳಿದಿರಲಿಲ್ಲ. ಆ ಸ್ಥಿತಿಯಲ್ಲೇ ಹೋಗಿ ಅವರೇ ಮುಚ್ಚಿದರು. ಮತ್ತಷ್ಟು ಸುಟ್ಟುಕೊಂಡರು, ಆ ಗಾಯಗಳಿಂದಲೇ ತೀರಿಕೊಂಡರು.

ಇದರ ಅರ್ಥವೇನೆಂದು ಇಂಜಿನ್ ಕೋಣೆ ಕಾಣದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಡುಗೆಮನೆಯ ಪಾತ್ರೆಯಿಂದ ಏಳುವ ಬಿಳಿಯ ಹೊಗೆಯಂಥದ್ದಲ್ಲ ಹಡಗಿನ ಉಗಿ. ಅತಿಯಾಗಿ ಕಾಯಿಸಿದ, ಒತ್ತಡದಲ್ಲಿರುವ ಉಗಿ ಕಣ್ಣಿಗೆ ಕಾಣುವುದೇ ಇಲ್ಲ. ಎಲ್ಲೋ ಸೋರುತ್ತಿದೆ ಎಂದು ಕಿವಿಗೆ ಗೊತ್ತಾಗುತ್ತದೆ, ಎಲ್ಲಿ ಎಂದು ಗೊತ್ತಾಗುವುದಿಲ್ಲ. ನಮ್ಮ ಹಿರಿಯರು ಮುಂದೆ ಪೊರಕೆಯ ಕೋಲನ್ನು ಚಾಚಿಕೊಂಡು ನಡೆಯಲು ಹೇಳಿಕೊಡುತ್ತಿದ್ದರು. ಕೋಲು ಕತ್ತರಿಸಿಹೋದರೆ ಅಲ್ಲಿಯೇ ಸೋರಿಕೆ. ನಾನು ಕಿರಿಯನಾಗಿದ್ದಾಗ ಒಂದು ಸಣ್ಣ ಕೊಳವೆಯ ಜೋಡಣೆ ಬಿಟ್ಟುಕೊಂಡು ಮುಂಗೈ ಸುಟ್ಟಿತು. ಕ್ಷಣಮಾತ್ರದ ಸೋಂಕು ಅದು. ಚರ್ಮ ಕೈಗವಸಿನಂತೆ ಕಳಚಿಕೊಂಡಿತ್ತು. ಒಂದೂವರೆ ತಿಂಗಳು ಅನ್ನ ಕಲಸಲು ಆಗಲಿಲ್ಲ. ವಾಲ್ವಿನ ಚಕ್ರ ಒಂದೇ ಸುತ್ತಿಗೆ ಮುಚ್ಚುವುದಿಲ್ಲ, ಸುತ್ತುತ್ತಲೇ ಇರಬೇಕು. ಸುಟ್ಟ ಕೈಗಳಿಂದ ಒಂದಾದ ಮೇಲೊಂದು ವಾಲ್ವನ್ನು ಕೊನೆಯ ಸುತ್ತಿನವರೆಗೂ ತಿರುಗಿಸಿದ ಮನುಷ್ಯನನ್ನು ನೆನೆದರೆ ನನ್ನ ಮುಂಗೈ ಇಂದಿಗೂ ಜುಮ್ಮೆನ್ನುತ್ತದೆ.

ಭೂಗೋಳದ ಮೇಷ್ಟ್ರು

ಅವರಿಗೆ ಮೆಡಲ್ ಆಫ್ ಆನರ್ ಬಂದಿತಲ್ಲವೇ?

ಉಗಿಯಂತ್ರದವನು

ಬಂದಿತು ಮೇಷ್ಟ್ರೇ, ಮರಣೋತ್ತರವಾಗಿ. ಅಮೆರಿಕದ ಅತ್ಯುನ್ನತ ಸೇನಾ ಪದಕ ಅದು. ಅವರ ಹೆಸರನ್ನು 1943ರಲ್ಲಿ ಒಂದು ಬೆಂಗಾವಲು ಹಡಗಿಗೂ ಇಟ್ಟರು. ಆದರೆ ಯುದ್ಧದ ಆ ಗದ್ದಲದಲ್ಲಿ ಪದಕ ಮನೆಗೆ ತಲುಪಿದ್ದು ಯಾವ ಸಮಾರಂಭವೂ ಇಲ್ಲದೆ. ಕುಟುಂಬಕ್ಕೆ ವಿಧಿವತ್ತಾದ ಗೌರವ ಸಂದದ್ದು 2010ರಲ್ಲಿ, ಐಡಹೊ ರಾಜ್ಯದಲ್ಲಿ, ಮಗನ ಕೈಗೆ. ನಡುವೆ 68 ವರ್ಷಗಳು. ತೆಪ್ಪಗಳ ಮೇಲಿದ್ದವರ ಸಂಖ್ಯೆಯೂ 68 ಎಂಬುದು ಇದನ್ನು ಬರೆಯುವಾಗಲಷ್ಟೇ ನನಗೆ ಹೊಳೆಯಿತು.

ಕಾರವಾರದ ಓದುಗಿ

ಈ ಎಳೆಯನ್ನು ಎರಡು ದಿನಗಳಿಂದ ಓದುತ್ತಿದ್ದೇನೆ. ನಮ್ಮ ಊರಿನ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು ಸಂಗ್ರಹಾಲಯ ಮಾಡಿದ್ದಾರೆ. ಪ್ರವಾಸಕ್ಕೆ ಬಂದ ಶಾಲಾ ಮಕ್ಕಳು ಅದನ್ನು ಹತ್ತಿ ಇಳಿಯುತ್ತಾರೆ, 1971ರ ಕರಾಚಿ ದಾಳಿಯ ಕತೆ ಕೇಳುತ್ತಾರೆ. ಆ ಬಗೆಯ ಪುಟ್ಟ ದೋಣಿಗಳು ಸ್ವಂತ ಇಂಧನದಲ್ಲಿ ಅಷ್ಟು ದೂರ ಹೋಗಿ ಬರುವಂತಿರಲಿಲ್ಲ. ಜೊತೆಗೆ ಪೋಷಕ್ ಎಂಬ ತೈಲ ಹಡಗು ಹೋಗಿತ್ತು. ಪೋಷಕ್ ಎಂದರೇ ಪೋಷಿಸುವವನು. ಅದರ ಹೆಸರನ್ನು ನಾನು ಕೇಳಿದ್ದು ನಲವತ್ತು ದಾಟಿದ ಮೇಲೆ, ಅದೂ ನೌಕಾನೆಲೆಯಿಂದ ನಿವೃತ್ತರಾದ ನೆರೆಮನೆಯ ಹಿರಿಯರಿಂದ. ಮದುವೆಮನೆಯಲ್ಲಿ ಬಡಿಸುವವರದು ಕೊನೆಯ ಪಂಕ್ತಿ ಎಂದು ಅವರು ಆಗ ಹೇಳಿದ ಮಾತು ನಿಯೋಶೋದ ಬಗ್ಗೆ ಓದುವಾಗ ಮತ್ತೆ ಮತ್ತೆ ನೆನಪಾಗುತ್ತಿದೆ.

ಕಡಲ ಓದುಗರೇ, ತೆಪ್ಪಗಳ ವಿಷಯವನ್ನು ದಯವಿಟ್ಟು ಬರೆಯಿರಿ. ಧೈರ್ಯ ಬಂದ ಮೇಲೆ ಎಂದು ಮುಂದಕ್ಕೆ ಹಾಕಿದರೆ ಅದು ಉಳಿದೇಹೋಗುತ್ತದೆ.

ಕಡಲ ಓದುಗ

ಸರಿ, ಬರೆಯುತ್ತೇನೆ.

ಹಡಗು ಉರಿಯುತ್ತಿದ್ದಾಗ ಕ್ಯಾಪ್ಟನ್ ಫಿಲಿಪ್ಸ್ ಕೊಟ್ಟ ಅಪ್ಪಣೆ, ಹಡಗು ಬಿಡಲು ಸಿದ್ಧರಾಗಿ, ಮುಂದಿನ ಅಪ್ಪಣೆಗೆ ಕಾಯಿರಿ ಎಂಬುದು. ಹೊಗೆ, ಸ್ಫೋಟ, ಚೀರಾಟಗಳ ನಡುವೆ ಅನೇಕರ ಕಿವಿಗೆ ಬಿದ್ದದ್ದು "ಹಡಗು ಬಿಡಿ" ಎಂಬಷ್ಟೇ. ಅಪ್ಪಣೆಯಿಲ್ಲದೆ ತೆಪ್ಪಗಳನ್ನು ನೀರಿಗೆ ತಳ್ಳಿದರು. ಗುಂಪುಗುಂಪಾಗಿ ಜನ ಕಡಲಿಗೆ ಹಾರಿದರು. ಕೆಲವರನ್ನು ದೋಣಿಗಳು ಎತ್ತಿ ಮರಳಿ ಹಡಗಿಗೆ ತಂದವು. ಕೆಲವರು ಅಲ್ಲಿಯೇ ಮುಳುಗಿದರು. ಉಳಿದವರನ್ನು ಗಾಳಿಯೂ ಪ್ರವಾಹವೂ ಹಡಗಿನಿಂದ ದೂರ ಒಯ್ದವು. ಕತ್ತಲಾಗುವ ಹೊತ್ತಿಗೆ ಅವರು ಕಣ್ಣಿಗೆ ಕಾಣದಾದರು.

ಮರುದಿನ ಹಾಜರಿ ತೆಗೆದುಕೊಂಡಾಗ ಸತ್ತವರೆಂದು ಖಚಿತವಾದವರು 20, ಕಾಣೆಯಾದವರು 158. ನಾಲ್ವರು ಅಧಿಕಾರಿಗಳು, 154 ನಾವಿಕರು. ಬಾಂಬಿಗೆ ಬಲಿಯಾದವರಿಗಿಂತ ಕಾಣೆಯಾದವರೇ ಎಷ್ಟೋ ಪಟ್ಟು ಹೆಚ್ಚು. ಈ ಎರಡು ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ ದಿನವೇ ನನ್ನ ಬರವಣಿಗೆ ನಿಂತುಹೋದದ್ದು.

ಎರಡನೆಯ ಪೆಟ್ಟು ಒಂದು ಲೆಕ್ಕದ ತಪ್ಪಿನಿಂದ ಬಂದಿತು. ಸಹಾಯ ಬೇಡಿ ಕಳುಹಿಸಿದ ಸಂದೇಶದಲ್ಲಿ ಹಡಗು ಇರುವ ಸ್ಥಾನವೇ ತಪ್ಪಾಗಿ ನಮೂದಾಗಿತ್ತು. ನೌಕಾಪಥದ ಅಧಿಕಾರಿ ನಕ್ಷೆಯ ಮೇಲೆ ಗುರುತು ಹಾಕುವಾಗ ಆದ ತಪ್ಪದು. ಮೊನಾಹನ್ ಎಂಬ ಡಿಸ್ಟ್ರಾಯರ್ ಹೋಗಿ ಹುಡುಕಿತು. ಅಲ್ಲಿ ಬರಿಯ ನೀರು.

ವಾಲಿದ ಹಡಗಿನ ಮೇಲಿದ್ದವರು ನಾಲ್ಕು ದಿನ ತೇಲಿದರು. ಸುಟ್ಟ ಗಾಯಗಳವರಿಗೆ ಇದ್ದಷ್ಟು ಔಷಧ ಹಚ್ಚುತ್ತ, ಸತ್ತವರನ್ನು ಒಬ್ಬೊಬ್ಬರಾಗಿ ಕಡಲಿಗೆ ಒಪ್ಪಿಸುತ್ತ ಕಾಯ್ದರು. ಸಿಮ್ಸ್‌ನಿಂದ ಉಳಿದವರೂ ಒಂದು ದೋಣಿಯಲ್ಲಿ ಬಂದು ಇವರನ್ನು ಸೇರಿಕೊಂಡಿದ್ದರು. ಮೇ 10ರಂದು ಆಸ್ಟ್ರೇಲಿಯಾದ ವಿಮಾನವೊಂದು ಇವರನ್ನು ಕಂಡಿತು. ಮರುದಿನ ಹೆನ್ಲಿ ಎಂಬ ಡಿಸ್ಟ್ರಾಯರ್ ಬಂದು 123 ಜನರನ್ನು ಹತ್ತಿಸಿಕೊಂಡಿತು: ನಿಯೋಶೋದ 109, ಸಿಮ್ಸ್‌ನ 14. ಬಳಿಕ ನಿಯೋಶೋವನ್ನು ತಾವೇ ಹೊಡೆದು ಮುಳುಗಿಸಿದರು.

ತೆಪ್ಪಗಳನ್ನು ಒಂದಕ್ಕೊಂದು ಕಟ್ಟಿಕೊಂಡು ಹೋದವರು 68 ಜನ. ಹೆಲ್ಮ್ ಎಂಬ ಡಿಸ್ಟ್ರಾಯರ್ ಮೇ 16ರಂದು ಆ ತೆಪ್ಪವನ್ನು ಕಂಡಿತು. ಹಾರಿದ ದಿನದಿಂದ ಒಂಬತ್ತು ದಿನ. ಅದರ ಮೇಲೆ ಜೀವಂತವಾಗಿದ್ದವರು ನಾಲ್ವರು.

ಹೊಸ ಸದಸ್ಯ

ಓದಿ ಮಾತೇ ಹೊರಡುತ್ತಿಲ್ಲ ಸರ್.

ಆದರೂ ಕೇಳದೆ ಇರಲಾರೆ. ಹಾಗಿದ್ದರೆ ತಪ್ಪು ಕ್ಯಾಪ್ಟನ್‌ನದಲ್ಲವೇ? ಅಪ್ಪಣೆ ಎಲ್ಲರಿಗೂ ಸ್ಪಷ್ಟವಾಗಿ ತಲುಪುವಂತೆ ನೋಡಿಕೊಳ್ಳುವುದು ಅವರ ಕರ್ತವ್ಯವಾಗಿತ್ತು.

ಉಗಿಯಂತ್ರದವನು

ತಮ್ಮಾ, ನಿನ್ನ ಪ್ರಶ್ನೆ ನ್ಯಾಯವಾದದ್ದೇ. ಹಡಗಿನಲ್ಲಿ ಏನೇ ನಡೆದರೂ ಹೊಣೆ ಕ್ಯಾಪ್ಟನ್‌ನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಏಳು ಬಾಂಬು ತಗುಲಿದ ಹಡಗಿನ ಮಾತಿನ ಕೊಳವೆಗಳು, ದೂರವಾಣಿ ತಂತಿಗಳು ಎಷ್ಟು ಉಳಿದಿದ್ದಾವು ಎಂದು ಯೋಚಿಸು. ಅಪ್ಪಣೆ ಬಾಯಿಂದ ಬಾಯಿಗೆ ಹೋಗಬೇಕು. ತೈಲ ಹಡಗಿಗೆ ಬೆಂಕಿ ಬಿದ್ದರೆ ಏನಾಗುತ್ತದೆ ಎಂಬುದು ಅದರಲ್ಲಿ ದುಡಿಯುವ ಪ್ರತಿಯೊಬ್ಬನಿಗೂ ಮೊದಲ ದಿನದಿಂದಲೇ ಗೊತ್ತಿರುತ್ತದೆ. ಅಂಥವನ ಕಿವಿಗೆ "ಸಿದ್ಧರಾಗಿ" ಎಂಬ ಮಾತು ಬೀಳುವ ಮೊದಲೇ ಕಾಲು ಕಟಕಟೆಯ ಮೇಲಿರುತ್ತದೆ. ಹಾರಿದವರನ್ನು ಹೇಡಿಗಳೆಂದು ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ಅವರಲ್ಲಿ ಹೆಚ್ಚಿನವರು ಇಪ್ಪತ್ತರ ಆಚೀಚಿನ ಹುಡುಗರು.

ಭೂಗೋಳದ ಮೇಷ್ಟ್ರು

ಸ್ಥಾನದ ತಪ್ಪಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ತರಗತಿಯಲ್ಲಿ ಅಕ್ಷಾಂಶ ರೇಖಾಂಶ ಕಲಿಸಿ ಕಲಿಸಿ ಬೇರೂರಿದ ಅಭ್ಯಾಸ. ಅಕ್ಷಾಂಶದ ಒಂದು ಡಿಗ್ರಿ ಎಂದರೆ 60 ನಾಟಿಕಲ್ ಮೈಲಿ, ಸುಮಾರು 111 ಕಿಲೋಮೀಟರ್. ಸಮುದ್ರಮಟ್ಟದಿಂದ 15 ಮೀಟರ್ ಎತ್ತರದಲ್ಲಿ ನಿಂತವನಿಗೆ ದಿಗಂತ ಕಾಣುವುದು ಸುಮಾರು 14 ಕಿಲೋಮೀಟರ್ ದೂರದಲ್ಲಿ. ನೀರಿನ ಮಟ್ಟಕ್ಕೇ ಇರುವ ತೆಪ್ಪ ಅದಕ್ಕಿಂತ ಬಹಳ ಹತ್ತಿರ ಬಂದರೂ ಅಲೆಗಳ ನಡುವೆ ಗೋಚರಿಸುವುದಿಲ್ಲ. ನಕ್ಷೆಯ ಮೇಲೆ ಪೆನ್ಸಿಲಿನ ಮೊನೆ ಕೂದಲೆಳೆಯಷ್ಟು ಸರಿದರೆ ಹುಡುಕುವ ಹಡಗು ಇನ್ನೊಂದು ಲೋಕದಲ್ಲಿರುತ್ತದೆ. ಜೊತೆಗೆ ಆ ಭಾಗದಲ್ಲಿ ವಾಣಿಜ್ಯ ಮಾರುತವೂ ಸಾಗರ ಪ್ರವಾಹವೂ ಪಶ್ಚಿಮದ ಕಡೆಗೆ ತಳ್ಳುತ್ತಲೇ ಇರುತ್ತವೆ. ಪ್ರತಿ ಗಂಟೆ ಕಳೆದಂತೆ ತಪ್ಪು ಬೆಳೆಯುತ್ತಾ ಹೋಗುತ್ತದೆ.

ಇನ್ನೊಂದು ಸಣ್ಣ ಮಾತು. ತೆಪ್ಪ ಎಂಬ ಪದವನ್ನು ಹಾಗೆಯೇ ಇಟ್ಟರೆ ಓದುಗರಿಗೆ ನಮ್ಮ ದೇವಸ್ಥಾನಗಳ ತೆಪ್ಪೋತ್ಸವ ನೆನಪಾಗುವುದಿಲ್ಲವೇ? ದೀಪ ಹಚ್ಚಿ ಅಲಂಕರಿಸಿದ ತೆಪ್ಪವೆಲ್ಲಿ, ಇದೆಲ್ಲಿ? ಬೇರೆ ಪದ ಯೋಚಿಸಬಹುದೇನೋ.

ಕಾರವಾರದ ಓದುಗಿ

ಮೇಷ್ಟ್ರೇ, ತೆಪ್ಪವೇ ಇರಲಿ. ನದಿ ದಾಟಲು ಬಿದಿರು, ಬಾಳೆದಿಂಡು ಕಟ್ಟಿಕೊಂಡವರ ಪದವೂ ಅದೇ. ಬೇರೆ ಯಾವ ಪದ ಹಾಕಿದರೂ ಒಳಗೆ ಕುಳಿತುಕೊಳ್ಳುವ ದೋಣಿಯಂತೆ ಕೇಳಿಸುತ್ತದೆ.

ಉಗಿಯಂತ್ರದವನು

ತಂಗಿ ಹೇಳಿದ್ದು ಸರಿ. ಆ ಕಾಲದ ನೌಕಾಪಡೆಯ ತೆಪ್ಪಗಳು ಈಗಿನ ಹಾಗೆ ಗಾಳಿ ತುಂಬಿ ಮೇಲೆ ಚಪ್ಪರವಿರುವಂಥವಲ್ಲ. ಸುತ್ತ ದಪ್ಪನೆಯ ತೇಲುವ ಬಳೆ, ನಡುವೆ ಮರದ ಪಟ್ಟಿ ಅಥವಾ ಬಲೆಯ ತಳ. ಕುಳಿತವರ ಕಾಲುಗಳು ನೀರಿನಲ್ಲೇ. ಮೇಲೆ ನೆರಳಿಲ್ಲ. ಕುಡಿಯುವ ನೀರಿನ ಸಣ್ಣ ಪಾತ್ರೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಜಾಗ ಸಾಲದೆ ಹಗ್ಗ ಹಿಡಿದು ನೀರಿನಲ್ಲೇ ತೂಗುತ್ತಿರುವವರು ಬೇರೆ. ಕೆಲವೇ ಗಂಟೆಗಳಲ್ಲಿ ರಕ್ಷಣೆ ಬರುತ್ತದೆ ಎಂಬ ಭರವಸೆಯ ಮೇಲೆ ಮಾಡಿದ ವಸ್ತು ಅದು, ಒಂಬತ್ತು ದಿನಗಳಿಗಲ್ಲ.

ಹೊಸ ಸದಸ್ಯ

ಅಣ್ಣ, ಹಾರಿದವರ ಬಗ್ಗೆ ನೀವು ಹೇಳಿದ ಮೇಲೆ ನನ್ನ ಮಾತು ಅವಸರದ್ದಾಯಿತು ಎನ್ನಿಸಿತು. ಕ್ಷಮಿಸಿ. ಇನ್ನೊಂದೇ ಪ್ರಶ್ನೆ: ಇವರ ಸಾವಿನಿಂದ ಕದನಕ್ಕೆ ಏನಾದರೂ ಆಯಿತೇ?

ಕಡಲ ಓದುಗ

ಕ್ಷಮೆ ಕೇಳುವಂಥದ್ದೇನೂ ಇಲ್ಲ. ಆ ಬೆಳಗ್ಗೆ ಜಪಾನಿನ ಎರಡು ದೊಡ್ಡ ವಿಮಾನವಾಹಕಗಳ ದಾಳಿಪಡೆ ತೈಲ ಹಡಗಿನ ಮೇಲೆ ಮುಗಿಬಿದ್ದಿದ್ದಾಗ ಅಮೆರಿಕದ ವಿಮಾನಗಳು ಬೇರೆಡೆ ಶೋಹೊ ಎಂಬ ಜಪಾನೀ ವಿಮಾನವಾಹಕವನ್ನು ಮುಳುಗಿಸಿದವು. ಲೆಕ್ಸಿಂಗ್ಟನ್, ಯಾರ್ಕ್‌ಟೌನ್ ಎರಡೂ ಆ ದಿನ ಪೆಟ್ಟು ತಿನ್ನದೆ ಉಳಿದವು. ಮರುದಿನ ಲೆಕ್ಸಿಂಗ್ಟನ್ ಹೋಯಿತು, ಶೋಕಾಕು ತೀವ್ರವಾಗಿ ಹಾನಿಗೊಂಡಿತು, ಜುಯಿಕಾಕು ತನ್ನ ಬಹುಪಾಲು ವಿಮಾನಗಳನ್ನು ಕಳೆದುಕೊಂಡಿತು. ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿ ಬಂದರನ್ನು ಹಿಡಿಯಲು ಹೊರಟಿದ್ದ ಜಪಾನಿನ ಆಕ್ರಮಣ ಪಡೆ ಹಿಂದಿರುಗಿತು. ಜೂನ್‌ನ ಮಿಡ್‌ವೇ ಕದನದಲ್ಲಿ ಶೋಕಾಕುವೂ ಇರಲಿಲ್ಲ, ಜುಯಿಕಾಕುವೂ ಇರಲಿಲ್ಲ. ನಿಯೋಶೋದ ಮೇಲೆ ದಾಳಿಯ ಮುಂದಾಳಾಗಿದ್ದ ತಕಹಾಶಿ ಕಕುಇಚಿ ಕೂಡ ಮೇ 8ರಂದೇ ಸತ್ತರು.

ಇದೆಲ್ಲ ಸತ್ಯ. ಆದರೆ ಈ ಲಾಭನಷ್ಟದ ಲೆಕ್ಕವನ್ನು ಲೇಖನದ ಕೊನೆಗೆ ತಂದು, ಅವರ ಸಾವು ವ್ಯರ್ಥವಾಗಲಿಲ್ಲ ಎಂದು ಬರೆಯಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಶತ್ರುವಿನ ಬಾಂಬಿಗೆ ಎದೆಯೊಡ್ಡಲು ಅವರು ಹೊರಟವರಲ್ಲ. ಪೈಪು ಎಳೆದು, ಇಂಧನ ತುಂಬಿಸಿ, ಪಕ್ಕಕ್ಕೆ ಸರಿದವರು. ತೆಪ್ಪದ ಮೇಲಿದ್ದವರಿಗೆ ಕದನ ಗೆದ್ದದ್ದೋ ಸೋತದ್ದೋ ತಿಳಿದೇ ಇರಲಿಲ್ಲ.

ಕಾರವಾರದ ಓದುಗಿ

ಹಾಗಾದರೆ ಎಲ್ಲಿಂದ ಆರಂಭಿಸುತ್ತೀರಿ?

ಕಡಲ ಓದುಗ

ಮೇ 16ರಿಂದ. ಹೆಲ್ಮ್‌ನ ಕಾವಲಿನವನು ನೀರಿನ ಮೇಲೆ ಏನನ್ನೋ ಕಂಡ ಗಳಿಗೆಯಿಂದ. ಅಲ್ಲಿಂದ ಹಿಂದಕ್ಕೆ ಹೋಗುತ್ತೇನೆ: ನಕ್ಷೆಯ ಮೇಲಿನ ಗುರುತು, ಕಿವಿಗೆ ಅರ್ಧ ಕೇಳಿಸಿದ ಅಪ್ಪಣೆ, ಬಾಂಬುಗಳು, ಆಮೇಲೆ ಮೇ 6ರಂದು ಯಾರ್ಕ್‌ಟೌನ್‌ನ ಮಗ್ಗುಲಲ್ಲಿ ಸಮವೇಗದಲ್ಲಿ ಸಾಗುತ್ತ ಇಂಧನ ತುಂಬಿಸಿದ ಹೊತ್ತು. ಕೊನೆಯ ಪುಟದಲ್ಲಿ ಎಲ್ಲರೂ ಬದುಕಿರಬೇಕು, ಕೆಲಸ ಮಾಡುತ್ತಿರಬೇಕು.

ಉಗಿಯಂತ್ರದವರೇ, ಪೀಟರ್ಸನ್ ಅವರ ಭಾಗವನ್ನು ನಾಳೆ ರಾತ್ರಿಯೊಳಗೆ ಇಲ್ಲಿಯೇ ಹಾಕುತ್ತೇನೆ. ವಾಲ್ವಿನ ವಿವರದಲ್ಲಿ ತಪ್ಪಿದ್ದರೆ ತಿದ್ದಿಕೊಡಿ.

ಉಗಿಯಂತ್ರದವನು

ಹಾಕಿ. ಕಾಯುತ್ತಿರುತ್ತೇನೆ.